ಒಂದೇ ಮನೆಯ ಮಕ್ಕಳು, ಬೇರೆ ಬೇರೆ ಕಾವಲು



ದಡಾರ ನಮಗೆಲ್ಲ ಗೊತ್ತಿರುವ ಕಾಯಿಲೆ. ಮೊದಲು ಜ್ವರ, ನೆಗಡಿ, ಕೆಂಪು ಕಣ್ಣು. ಆಮೇಲೆ ಮೈತುಂಬ ಕೆಂಪು ದದ್ದು. ಇದು ವೈರಸ್‌ನಿಂದ ಬರುತ್ತದೆ. ವೈರಸ್ ಅಂದರೆ ಕಣ್ಣಿಗೆ ಕಾಣದ ರೋಗಾಣು. ಕೆಮ್ಮಿದಾಗ, ಸೀನಿದಾಗ ಗಾಳಿಯಲ್ಲಿ ಹರಡುತ್ತದೆ.

ಒಂದೇ ಮನೆಯ ಇಬ್ಬರು ಮಕ್ಕಳಿಗೆ ದಡಾರ ಬಂತು ಅನ್ನೋಣ. ಹುಡುಗ ಹತ್ತು ದಿನದಲ್ಲಿ ಎದ್ದು ಆಡುತ್ತಾನೆ. ಹುಡುಗಿ ಸೊರಗಿ ಮಲಗುತ್ತಾಳೆ. ಉಣ್ಣುವ ಗಂಜಿ ಒಂದೇ, ಕುಡಿಯುವ ನೀರು ಒಂದೇ. ಮತ್ತೆ ಯಾಕೆ ಹೀಗೆ?

ಊರಿನಲ್ಲಿ ಏನು ಹೇಳ್ತಾರೆ? “ತಾಯಿ ಸರಿ ನೋಡಲಿಲ್ಲ.” “ಸೊಸೆಯ ಕಾಲ್ಗುಣ.” ಇದು ನಿಜವೇ? ಯೋಚಿಸೋಣ.

ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳಲ್ಲಿ ಕಾಳುಮೆಣಸಿನ ಬಳ್ಳಿ ಉಂಟು. ರೋಗ ಬಂದಾಗ ಒಂದು ಬಳ್ಳಿ ಒಣಗುತ್ತದೆ. ಬೇರೆ ಜಾತಿಯ ಬಳ್ಳಿ ಪಕ್ಕದಲ್ಲೇ ಹಸಿರಾಗಿ ನಿಲ್ಲುತ್ತದೆ. ಮಳೆ ಒಂದೇ, ಮಣ್ಣು ಒಂದೇ. ತಡೆಯುವ ಶಕ್ತಿ ಬಳ್ಳಿಯ ಹುಟ್ಟಿನಲ್ಲೇ ಉಂಟು. ಮನುಷ್ಯರಲ್ಲೂ ಹಾಗೆಯೇ.

ಮೈಯ ಕಾವಲುಗಾರರು

ನಮ್ಮ ಮೈ ಕೋಟಿ ಕೋಟಿ ಜೀವಕೋಶಗಳಿಂದ ಆಗಿದೆ. ಒಂದೊಂದು ಜೀವಕೋಶವೂ ಒಂದು ಸಣ್ಣ ಮನೆಯ ಹಾಗೆ. ವೈರಸ್ ಈ ಮನೆಯೊಳಗೆ ನುಗ್ಗುತ್ತದೆ. ಆಗ ಮನೆ ಏನು ಮಾಡುತ್ತದೆ? ವೈರಸ್ಸಿನ ಒಂದು ಚೂರನ್ನು ತಟ್ಟೆಯಲ್ಲಿಟ್ಟು ಬಾಗಿಲ ಹೊರಗೆ ತೋರಿಸುತ್ತದೆ. ರಕ್ತದಲ್ಲಿ ಕಾವಲುಗಾರ ಕೋಶಗಳು ತಿರುಗುತ್ತಾ ಇರುತ್ತವೆ. ಅವು ತಟ್ಟೆಯನ್ನು ನೋಡಿ, “ಇಲ್ಲಿ ಕಳ್ಳ ಉಂಟು” ಎಂದು ತಿಳಿದು ವೈರಸ್ಸನ್ನು ನಾಶ ಮಾಡುತ್ತವೆ.

ಎಲ್ಲರ ತಟ್ಟೆಯೂ ಒಂದೇ ಆಕಾರದ್ದಲ್ಲ. ಕೆಲವರ ತಟ್ಟೆಯಲ್ಲಿ ಒಂದು ವೈರಸ್ಸಿನ ಚೂರು ಚೆನ್ನಾಗಿ ಕೂರುತ್ತದೆ. ಕೆಲವರದರಲ್ಲಿ ಕೂರುವುದಿಲ್ಲ. ಆಗ ಕಾವಲುಗಾರರಿಗೆ ಕಳ್ಳ ಬೇಗ ಕಾಣುವುದಿಲ್ಲ. ತಟ್ಟೆಯ ಆಕಾರವನ್ನು ನಿರ್ಧರಿಸುವುದು ವಂಶವಾಹಿ. ಇದನ್ನು ಜೀನ್ ಅಂತಲೂ ಹೇಳ್ತಾರೆ. ವಂಶವಾಹಿಗಳು ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬರುತ್ತವೆ. ಒಡಹುಟ್ಟಿದವರಲ್ಲೂ ಬೇರೆ ಬೇರೆ ಇರುತ್ತವೆ.

ಇದು ಹೇಗೆ ಗೊತ್ತಾಯಿತು? 1930ರ ದಶಕದಲ್ಲಿ ಥೈಲರ್ ಎಂಬ ವಿಜ್ಞಾನಿ ಇಲಿಗಳ ಮೆದುಳಿಗೆ ತಾಗುವ ಒಂದು ವೈರಸ್ಸನ್ನು ಕಂಡುಹಿಡಿದರು. ಮುಂದೆ ಬೇರೆ ವಿಜ್ಞಾನಿಗಳು ಅದನ್ನು ಎರಡು ತಳಿಯ ಇಲಿಗಳಿಗೆ ಕೊಟ್ಟು ನೋಡಿದರು. ಒಂದು ತಳಿ ಕೆಲವೇ ವಾರದಲ್ಲಿ ವೈರಸ್ಸನ್ನು ಮೆದುಳಿನಿಂದ ಓಡಿಸಿತು. ಇನ್ನೊಂದು ತಳಿಯಲ್ಲಿ ವೈರಸ್ ಸಾಯುವವರೆಗೂ ಉಳಿಯಿತು. ಗಟ್ಟಿ ತಳಿಯ ತಟ್ಟೆಯ ವಂಶವಾಹಿಯನ್ನು ಸೋಲುವ ತಳಿಗೆ ಸೇರಿಸಿದರು. ಆಗ ಆ ಇಲಿಗಳೂ ವೈರಸ್ಸನ್ನು ಓಡಿಸಿದವು!

ಅಡಗಿ ಕೂರುವ ದಡಾರ

ದಡಾರದ ವೈರಸ್ಸೂ ಕೆಲವು ಮಕ್ಕಳ ಮೆದುಳಿನಲ್ಲಿ ಅಡಗಿ ಕೂರುತ್ತದೆ. ಇದು ಅಪರೂಪ. ಮಗು ಗುಣವಾಗಿ ಶಾಲೆಗೆ ಹೋಗುತ್ತಿರುತ್ತದೆ. ಆರೆಂಟು ವರ್ಷಗಳ ಮೇಲೆ ಪಾಠ ಮರೆಯತೊಡಗುತ್ತದೆ. ಕೈಯಲ್ಲಿದ್ದದ್ದು ಬೀಳುತ್ತದೆ. ಮೈ ಫಕ್ಕನೆ ಜಗ್ಗಿದ ಹಾಗೆ ಅದುರುತ್ತದೆ. ಕೊನೆಗೆ ಹಾಸಿಗೆ ಹಿಡಿಯುತ್ತದೆ. ಇದಕ್ಕೆ ಎಸ್.ಎಸ್.ಪಿ.ಇ. ಎಂದು ಹೆಸರು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಇಂಥ ಮಕ್ಕಳು ಬಂದಿದ್ದಾರೆ. ಪೂರ್ತಿ ಗುಣ ಮಾಡುವ ಮದ್ದು ಇಂದಿಗೂ ಇಲ್ಲ.

ಯಾರಿಗೆ ಅಪಾಯ ಹೆಚ್ಚು? ಎರಡು ವರ್ಷ ತುಂಬುವ ಮೊದಲೇ ದಡಾರ ಬಂದ ಮಕ್ಕಳಿಗೆ. ವಂಶವಾಹಿಗಳ ಪಾತ್ರವೂ ಇರಬಹುದು ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ.

ನಮ್ಮ ಕೈಯಲ್ಲಿ ಏನುಂಟು?

ವಂಶವಾಹಿಯನ್ನು ಯಾರೂ ಆರಿಸಿಕೊಂಡು ಹುಟ್ಟುವುದಿಲ್ಲ. ತಾಯಿಯೂ ಆರಿಸಿ ಕೊಡುವುದಿಲ್ಲ. ಹಾಗಾದ ಮೇಲೆ ತಾಯಿಯನ್ನು ದೂರುವುದು ಯಾಕೆ? ಕಾಲ್ಗುಣ ಎನ್ನುವುದು ಯಾಕೆ?

ಆದರೆ ಲಸಿಕೆ ನಮ್ಮ ಕೈಯಲ್ಲಿ ಉಂಟು. ಲಸಿಕೆ ಕಾವಲುಗಾರರಿಗೆ ಕಳ್ಳನ ಗುರುತನ್ನು ಮೊದಲೇ ಕಲಿಸಿಕೊಡುತ್ತದೆ. ದಡಾರವೇ ಬಾರದಿದ್ದರೆ ಅದು ಮೆದುಳಿನಲ್ಲಿ ಅಡಗುವುದು ಹೇಗೆ?

ನಮ್ಮ ದೇಶದಲ್ಲಿ ಸರಕಾರ 1985ರಿಂದ ದಡಾರದ ಲಸಿಕೆ ಕೊಡುತ್ತಾ ಬಂದಿದೆ. 2017ರಲ್ಲಿ ಕರ್ನಾಟಕದಲ್ಲಿ ದಡಾರ ಮತ್ತು ರುಬೆಲ್ಲಾ ಎರಡಕ್ಕೂ ಸೇರಿಸಿ ಒಂದೇ ಲಸಿಕೆ ಬಂತು. ಮೊದಲ ಸಲ 9 ತಿಂಗಳು ತುಂಬಿದಾಗ. ಎರಡನೇ ಸಲ 16ರಿಂದ 24 ತಿಂಗಳೊಳಗೆ. ಸರಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಾಗಿಲ್ಲ. ತಡವಾಗಿದ್ದರೂ ಬಿಡಬೇಡಿ, ಆಶಾ ಕಾರ್ಯಕರ್ತೆಯನ್ನು ಕೇಳಿ.

ಬೀಡಿಯ ಲೆಕ್ಕ ನಾವೇ ಓದುತ್ತೇವೆ. ತಾಯಿ ಕಾರ್ಡನ್ನೂ ನಾವೇ ಓದೋಣ.

ಮಾತಾಡೋಣ, ಬರೆಯೋಣ

1. ವಂಶವಾಹಿ ಮಗುವಿಗೆ ಯಾರಿಂದ ಬರುತ್ತದೆ?
2. ಮಗುವಿಗೆ ಕಾಯಿಲೆ ಬಂದಾಗ ತಾಯಿಯನ್ನು ದೂರುವುದು ಸರಿಯೇ? ಯಾಕೆ?
3. ತಾಯಿ ಕಾರ್ಡು ತನ್ನಿ. ದಡಾರದ ಲಸಿಕೆ ಹಾಕಿಸಿದ ತಾರೀಕು ಹುಡುಕಿ ಬರೆಯಿರಿ. ಆ ಜಾಗ ಖಾಲಿ ಉಂಟೇ?