ಕಿರುಹೊತ್ತಿಗೆಯ ಪುಟವಿನ್ಯಾಸ ಮತ್ತು ಅಕ್ಷರಸಂಕೇತ: ಚಿನ್ನದ ಗಣಿ ಪ್ರದೇಶದ ನೆಲೆಯಲ್ಲಿ

ಕನ್ನಡ, ತಮಿಳು, ತೆಲುಗು ಮೂರೂ ಬಳಕೆಯಲ್ಲಿರುವ ಕೋಲಾರ ಚಿನ್ನದ ಗಣಿ, ಬಂಗಾರಪೇಟೆಗಳಲ್ಲಿ ಕಿರುಹೊತ್ತಿಗೆಯ ಪುಟವಿನ್ಯಾಸವು ಭಾಷಿಕ ಸಮಸ್ಯೆಯೂ ಹೌದು. ನಡುವೆ ಪಿನ್ನು ಹೊಡೆಯುವ 16 ಪುಟಗಳ ಹೊತ್ತಿಗೆಯಲ್ಲಿ ಹಾಳೆಯ ಒಂದು ಮಗ್ಗುಲಿಗೆ 16 ಮತ್ತು 1, ಹಿಂಬದಿಗೆ 2 ಮತ್ತು 15 ಬರುತ್ತವೆ. ಜೋಡಿಯ ಮೊತ್ತ ಸದಾ 17. ಇದು ಸರಳ ಲೆಕ್ಕ. ತೊಡಕಿರುವುದು ಅಕ್ಷರಸಂಕೇತದಲ್ಲಿ. ಪೇಜ್‌ಮೇಕರ್ ಕನ್ನಡದ ಯೂನಿಕೋಡನ್ನು ನಿರ್ವಹಿಸುತ್ತಿರಲಿಲ್ಲವಾದ್ದರಿಂದ ನುಡಿ, ಶ್ರೀಲಿಪಿ ಮೊದಲಾದವುಗಳ ಫಾಂಟುಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದ್ದವು. ತಮಿಳು ಫಾಂಟುಗಳ ರೀತಿಯೂ ಅದೇ. ಫಾಂಟು ಬದಲಾದೊಡನೆ ಕನ್ನಡ ವಾಕ್ಯವು ಅರ್ಥವಿಲ್ಲದ ತಮಿಳು ಅಕ್ಷರಗಳ ಸಾಲಾಗುತ್ತಿತ್ತು. ಆದ್ದರಿಂದ, 2001ರಲ್ಲಿ ಗಣಿ ಮುಚ್ಚಿದ ಕಾಲದ ಇಂತಹ ಕಡತಗಳು ದೊರೆತರೆ ಮೂಲ ಫಾಂಟಿನೊಡನೆಯೇ ಸಂಗ್ರಹಿಸಬೇಕು. ಪರಿವರ್ತನೆಯಲ್ಲಿ ವಿಶೇಷವಾಗಿ ಅರ್ಕಾವೊತ್ತನ್ನು ಗಮನಿಸತಕ್ಕದ್ದು: ಅಚ್ಚಿನಲ್ಲಿ ವ್ಯಂಜನದ ಬಳಿಕ ಕಾಣುವ ಅದು ಯೂನಿಕೋಡಿನಲ್ಲಿ ವ್ಯಂಜನಕ್ಕಿಂತ ಮೊದಲು ಬರಬೇಕು. ಅಚ್ಚಾದ ಪ್ರತಿಯೊಡನೆ ತಾಳೆ ನೋಡದ ಪಾಠವು ಆಕರವಾಗಲಾರದು.