ಸೂಚ್ಯಂಕಕ್ಕೆ ಹೊಂದಿಸಿದ ವಿಮೆ: ಲಾಭದ ಲೆಕ್ಕ ಮಾಡುವ ಬಗೆ

ಶೇಕಡಾ ಲೆಕ್ಕವನ್ನೂ ಚಕ್ರಬಡ್ಡಿಯನ್ನೂ ನಾವು ತರಗತಿಯಲ್ಲಿ ಕಲಿಯುತ್ತೇವೆ. ಪರೀಕ್ಷೆ ಮುಗಿದೊಡನೆ ಮರೆಯುತ್ತೇವೆ. ಆದರೆ ಅಡಿಕೆ ಮಾರಿದ ಹಣವೋ ಕೊಲ್ಲಿನಾಡಿನಿಂದ ಬಂದ ಹಣವೋ ಮನೆಯಲ್ಲಿ ಸ್ವಲ್ಪ ಉಳಿದಾಗ, ಅದನ್ನು ಎಲ್ಲಿಡಬೇಕೆಂದು ಹಿರಿಯರು ಯೋಚಿಸುವ ಹೊತ್ತಿಗೆ ಬೇಕಾಗುವುದು ಇದೇ ಲೆಕ್ಕ. ವಿಮೆಯ ಕಾಗದಪತ್ರ ಇಂಗ್ಲಿಷಿನಲ್ಲಿ ಬಂದರೆ ಅದನ್ನು ಓದಿ ಹೇಳುವ ಹೊಣೆಯೂ ಎಷ್ಟೋ ಸಲ ಮಕ್ಕಳ ಮೇಲೆಯೇ ಬೀಳುತ್ತದೆ. ಆದುದರಿಂದ ಷೇರುಪೇಟೆಯ ಸೂಚ್ಯಂಕವನ್ನು ಅವಲಂಬಿಸಿದ ವಿಮೆಯಲ್ಲಿ ಲಾಭವನ್ನು ಹೇಗೆ ಎಣಿಸುತ್ತಾರೆಂಬುದನ್ನು ಇಲ್ಲಿ ನೋಡೋಣ.

ಮೊದಲು ಸೂಚ್ಯಂಕವೆಂದರೇನು? ಆರಿಸಿದ ಕೆಲವು ಕಂಪೆನಿಗಳ ಷೇರುಬೆಲೆ ಒಟ್ಟಿನಲ್ಲಿ ಏರಿತೋ ಇಳಿಯಿತೋ ಎಂಬುದನ್ನು ಒಂದೇ ಸಂಖ್ಯೆಯಲ್ಲಿ ಹೇಳುವುದೇ ಸೂಚ್ಯಂಕ. ಮುಂಬಯಿಯ ಸೆನ್ಸೆಕ್ಸ್ 30 ಕಂಪೆನಿಗಳದು. 1978-79ನೇ ಸಾಲಿನ ಬೆಲೆಯನ್ನು 100 ಎಂದು ಹಿಡಿದು ಅದನ್ನು ಎಣಿಸುತ್ತಾರೆ. ಅಮೆರಿಕದ ಎಸ್ ಆಂಡ್ ಪಿ 500 ಎಂಬುದು ಅಲ್ಲಿನ ಸುಮಾರು 500 ದೊಡ್ಡ ಕಂಪೆನಿಗಳದು.

ವಿಮಾ ಕಂಪೆನಿಗೆ ಇಡುಗಂಟನ್ನು ಕೊಟ್ಟು, ಮುಂದೆ ಕಂತುಕಂತಾಗಿ ಆದಾಯ ಪಡೆಯುವ ಏರ್ಪಾಡಿಗೆ ವರ್ಷಾಶನವೆಂದು ಹೆಸರು. ಈ ವರ್ಷಾಶನವನ್ನು ಸೂಚ್ಯಂಕಕ್ಕೆ ಹೊಂದಿಸಿ ಮಾರುವ ಪದ್ಧತಿ ಅಮೆರಿಕದಲ್ಲಿ 1995ರಲ್ಲಿ ಆರಂಭವಾಯಿತು. ಅದರ ಕರಾರಿನಲ್ಲಿ ಮುಖ್ಯವಾಗಿ ಮೂರು ಮಾತುಗಳಿರುತ್ತವೆ. ಮೊದಲನೆಯದು ತಳಮಿತಿ: ಸೂಚ್ಯಂಕ ಎಷ್ಟೇ ಇಳಿದರೂ ಆ ವರ್ಷದ ಲಾಭ ಸೊನ್ನೆಗಿಂತ ಕೆಳಗೆ ಹೋಗದು. ಎರಡನೆಯದು ಮೇಲ್ಮಿತಿ: ಎಷ್ಟೇ ಏರಿದರೂ ಗೊತ್ತುಪಡಿಸಿದ ಶೇಕಡಾಕ್ಕಿಂತ ಹೆಚ್ಚು ಸಿಗದು. ಮೂರನೆಯದು ಪಾಲು: ಪಾಲು ಶೇಕಡಾ 50 ಎಂದಿದ್ದರೆ, ಸೂಚ್ಯಂಕ ಶೇಕಡಾ 10 ಏರಿದಾಗ ನಮಗೆ ಬರುವುದು 5 ಮಾತ್ರ.

ಈಗ ನಿಜವಾಗಿ ನಡೆದ ವರ್ಷಗಳನ್ನೇ ತೆಗೆದುಕೊಳ್ಳೋಣ. ಎಸ್ ಆಂಡ್ ಪಿ ಸೂಚ್ಯಂಕವು 2007ರ ಕೊನೆಗೆ ಸುಮಾರು 1468 ಇತ್ತು. 2008ರ ಕೊನೆಗೆ 903ಕ್ಕೆ ಕುಸಿಯಿತು. 2009ರ ಕೊನೆಗೆ 1115, 2010ರ ಕೊನೆಗೆ 1258 ಆಯಿತು. ಅಂದರೆ ಮೊದಲ ವರ್ಷ ಶೇಕಡಾ 38.5 ಇಳಿಕೆ, ಅನಂತರ 23.5 ಮತ್ತು 12.8 ಏರಿಕೆ. ಇವನ್ನು ಸುಮ್ಮನೆ ಕೂಡಿ ಕಳೆದರೆ ಶೇಕಡಾ 2.2ರಷ್ಟು ಮಾತ್ರ ನಷ್ಟವಾದಂತೆ ಕಾಣುತ್ತದೆ. ಆದರೆ 1258ನ್ನು 1468ರಿಂದ ಭಾಗಿಸಿ ನೋಡಿ: ಒಂದು ಲಕ್ಷ ರೂಪಾಯಿ ಸುಮಾರು 85,700 ಆಗಿರುತ್ತದೆ. ನಷ್ಟ ಶೇಕಡಾ 14ಕ್ಕಿಂತ ಹೆಚ್ಚು! ಇಳಿದದ್ದು ದೊಡ್ಡ ಮೊತ್ತದ ಮೇಲೆ, ಏರಿದ್ದು ಕರಗಿ ಉಳಿದ ಮೊತ್ತದ ಮೇಲೆ. ಆದುದರಿಂದಲೇ ಈ ಅಂತರ. ಬೇರೆ ಬೇರೆ ವರ್ಷಗಳ ಶೇಕಡಾವನ್ನು ಕೂಡಬಾರದು, ಗುಣಿಸಬೇಕು ಎಂಬ ನಿಯಮವನ್ನು ಇಲ್ಲಿ ನೆನಪಿಡಿ.

ಇದೇ ಒಂದು ಲಕ್ಷವನ್ನು ತಳಮಿತಿ ಸೊನ್ನೆ, ಮೇಲ್ಮಿತಿ ಶೇಕಡಾ 6 ಎಂಬ ಕರಾರಿನಲ್ಲಿ ಇಟ್ಟಿದ್ದರೆ? ಮೊದಲ ವರ್ಷ ಒಂದು ಲಕ್ಷವೇ ಉಳಿಯುತ್ತಿತ್ತು. ಎರಡನೆಯ ವರ್ಷ 1,06,000. ಮೂರನೆಯ ವರ್ಷ 1,12,360. ತಳಮಿತಿಯ ಬೆಲೆ ಇಲ್ಲಿ ತಿಳಿಯುತ್ತದೆ. ಆದರೆ 2013ರಲ್ಲಿ ಅದೇ ಸೂಚ್ಯಂಕ 1426ರಿಂದ 1848ಕ್ಕೆ, ಅಂದರೆ ಶೇಕಡಾ 29.6ರಷ್ಟು ಏರಿತು. ಆಗಲೂ ಈ ಕರಾರಿನವನಿಗೆ ದೊರೆಯುವುದು 6 ಮಾತ್ರ. ಕಂಪೆನಿಗಳು ಷೇರುದಾರರಿಗೆ ಹಂಚುವ ಲಾಭಾಂಶವೂ ಸಾಮಾನ್ಯವಾಗಿ ಈ ಲೆಕ್ಕಕ್ಕೆ ಸೇರುವುದಿಲ್ಲ.

ವಿಮಾ ಕಂಪೆನಿಗೆ ಇದು ಹೇಗೆ ಸಾಧ್ಯ? ಅದು ನಮ್ಮ ಹಣದ ಬಹುಭಾಗವನ್ನು ಸಾಲಪತ್ರಗಳಲ್ಲಿಟ್ಟು ಅಸಲನ್ನು ಕಾಯುತ್ತದೆ. ಅದರಿಂದ ಬರುವ ಬಡ್ಡಿಯಲ್ಲಿ, ಸೂಚ್ಯಂಕ ಏರಿದರೆ ಪಾಲು ಪಡೆಯುವ ಹಕ್ಕನ್ನು ಪೇಟೆಯಲ್ಲಿ ಕೊಳ್ಳುತ್ತದೆ. ಬಡ್ಡಿದರ ಇಳಿದರೆ ಕೊಳ್ಳುವ ಶಕ್ತಿಯೂ ಕುಗ್ಗಿ, ಮೇಲ್ಮಿತಿಯೂ ಇಳಿಯುತ್ತದೆ. ಅವಧಿಗೆ ಮೊದಲೇ ಹಣ ಬೇಕೆಂದರೆ ದಂಡವಾಗಿ ಒಂದಿಷ್ಟು ಹಿಡಿದುಕೊಳ್ಳುವುದೂ ಉಂಟು.

ನಮ್ಮ ದೇಶದಲ್ಲಿ ಪೇಟೆಗೆ ಹೊಂದಿಕೊಂಡ ವಿಮೆಗಳನ್ನು ಯುಲಿಪ್ ಎನ್ನುತ್ತಾರೆ. ಇವುಗಳಲ್ಲಿ ಸಾಮಾನ್ಯವಾಗಿ ಮೇಲ್ಮಿತಿಯೂ ಇಲ್ಲ, ತಳಮಿತಿಯೂ ಇಲ್ಲ. ಕಟ್ಟಿದ ಕಂತಿನಲ್ಲಿ ಜೀವರಕ್ಷಣೆಯ ವೆಚ್ಚ, ನಿರ್ವಹಣೆಯ ವೆಚ್ಚ ಕಳೆದು ಉಳಿದದ್ದು ಮಾತ್ರ ಬೆಳೆಯುತ್ತದೆ. ಐದು ವರ್ಷ ತುಂಬುವ ಮೊದಲು ಹಣ ಕೈಗೆ ಬಾರದು. ಮಾರುವಾಗ ತೋರಿಸುವ ಪಟ್ಟಿಯಲ್ಲಿ ಶೇಕಡಾ 4 ಮತ್ತು 8 ಎಂಬ ಎರಡು ದರಗಳಿರುತ್ತವೆ. ಅವು ಊಹೆಯ ದರಗಳೇ ಹೊರತು ಕೊಟ್ಟ ಮಾತಲ್ಲ.

ಕಂತಿನ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ವರ್ಷಕ್ಕೆ 10,000ದಂತೆ 15 ವರ್ಷ ಕಟ್ಟಿದರೆ ಒಟ್ಟು 1,50,000. ಕೊನೆಗೆ 2,10,000 ಬಂತೆನ್ನಿ. “ಶೇಕಡಾ 40 ಲಾಭ” ಎಂದರೆ ಸುಳ್ಳಲ್ಲ. ಆದರೆ ಅದು ವರ್ಷದ ಲಾಭವಲ್ಲ. ಮೊದಲ ಕಂತು 15 ವರ್ಷ, ಕೊನೆಯ ಕಂತು ಒಂದೇ ವರ್ಷ ದುಡಿದಿದೆ. ಸರಾಸರಿ 8 ವರ್ಷ. ಚಕ್ರಬಡ್ಡಿಯಂತೆ ನೋಡಿದರೆ ವರ್ಷಕ್ಕೆ ಶೇಕಡಾ 4ಕ್ಕಿಂತ ತುಸು ಹೆಚ್ಚು, ಅಷ್ಟೆ. ಮನೆಯವರಿಗೆ ಜೀವರಕ್ಷಣೆ ದೊರೆತಿತ್ತೆಂಬುದು ನಿಜ; ಅದರ ಬೆಲೆಯನ್ನೂ ತೂಗಿ ನೋಡಬೇಕು.

ಆದುದರಿಂದ ಸಹಿ ಮಾಡುವ ಮುನ್ನ ಕೇಳತಕ್ಕ ಪ್ರಶ್ನೆಗಳು ನಾಲ್ಕು: ಲಾಭ ಯಾವ ದಿನದಿಂದ ಯಾವ ದಿನಕ್ಕೆ? ಎಷ್ಟು ಪಾಲು, ಎಷ್ಟು ಮಿತಿ? ಏನೇನು ಕಳೆಯುತ್ತಾರೆ? ವರ್ಷಕ್ಕೆ ಚಕ್ರಬಡ್ಡಿಯಂತೆ ಎಷ್ಟು? ಪಾಲಿಸಿ ಕೈಸೇರಿದ ಮೇಲೂ ಬೇಡವೆನಿಸಿದರೆ, 2024ರ ನಿಯಮದಂತೆ 30 ದಿನಗಳೊಳಗೆ ಹಿಂದಿರುಗಿಸಲು ಅವಕಾಶವಿದೆ.

ವಿದ್ಯಾರ್ಥಿಗಳ ಅಭ್ಯಾಸಕ್ಕೆ: ಸೂಚ್ಯಂಕವೊಂದು ಮೊದಲ ವರ್ಷ 2000ದಿಂದ 1500ಕ್ಕೆ ಇಳಿದು, ಎರಡನೆಯ ವರ್ಷ 1950ಕ್ಕೆ ಏರಿತು. ಒಂದು ಲಕ್ಷ ರೂಪಾಯಿಯು (1) ನೇರವಾಗಿ ಸೂಚ್ಯಂಕದಂತೆ, (2) ತಳಮಿತಿ ಸೊನ್ನೆ, ಮೇಲ್ಮಿತಿ ಶೇಕಡಾ 8 ಇದ್ದಾಗ, (3) ತಳಮಿತಿ ಸೊನ್ನೆ, ಪಾಲು ಶೇಕಡಾ 50 ಇದ್ದಾಗ ಎಷ್ಟೆಷ್ಟಾಗುತ್ತದೆ? 25 ಇಳಿದು 30 ಏರಿದರೂ ಮೊದಲನೆಯದರಲ್ಲಿ ನಷ್ಟವೇಕೆ? ಮನೆಯಲ್ಲಿ ಅಪ್ಪ ಅಮ್ಮನ ಎದುರಿಗೆ ಕುಳಿತು ಈ ಲೆಕ್ಕವನ್ನು ಮಾಡಿ, ಅವರಿಗೂ ವಿವರಿಸಿ ಹೇಳಿರಿ.