ಸೈರನ್ ನಿಂತ ಮೇಲೆ

ಪ್ರಶ್ನೆ: ಒಂಬತ್ತು ವರ್ಷದಿಂದ 108 ಆಂಬುಲೆನ್ಸ್‌ನಲ್ಲಿ ಸ್ಟಾಫ್ ನರ್ಸ್. ವಯಸ್ಸು 34. ಮೊದಲೆಲ್ಲ ಪೇಷೆಂಟ್ ಉಳಿದರೆ ಮನೆಗೆ ಹೋಗಿ ಹೇಳಿಕೊಂಡು ಖುಷಿಪಡುತ್ತಿದ್ದೆ. ಈಗ ಉಳಿದರೂ ಹೋದರೂ ಏನೂ ಅನ್ನಿಸುವುದಿಲ್ಲ. ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ. ನಾನು ಕಲ್ಲಾಗಿಬಿಟ್ಟೆನೇ ಡಾಕ್ಟರೇ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಕಲ್ಲಾಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ ತಾಯಿ. ಇದು ಕೆಲಸದಿಂದ ಬಂದ ಬಳಲಿಕೆ ಇರಬಹುದು. ಆದರೆ ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಬೇಡಿ. ಈ ವಾರವೇ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಶುಗರ್ ಮಾಡಿಸಿ. ‘ಟೆನ್ಷನ್’ ಎಂದು ವರ್ಷಗಟ್ಟಲೆ ನರಳಿದವರಲ್ಲಿ ಬರೀ ರಕ್ತಹೀನತೆ ಸಿಕ್ಕಿದ್ದನ್ನು ಕಂಡಿದ್ದೇನೆ. ಇನ್ನೊಂದು ಮಾತು, ನೀವು ಬರೆಯದೇ ಇದ್ದದ್ದು: ಶೌಚಾಲಯ ಸಿಗುವುದಿಲ್ಲವೆಂದು ಡ್ಯೂಟಿಯಲ್ಲಿ ನೀರನ್ನೇ ಕುಡಿಯದ ಹೆಣ್ಣುಮಕ್ಕಳು ನಿಮ್ಮಲ್ಲಿ ಬಹಳ. ಹಾಗಿದ್ದರೆ ಮೂತ್ರ ಪರೀಕ್ಷೆಯೂ ಆಗಲಿ. ರೋಗಿಯನ್ನು ಇಳಿಸಿದ ಆಸ್ಪತ್ರೆಯಲ್ಲೇ ಶೌಚಾಲಯಕ್ಕೆಂದು ಐದು ನಿಮಿಷ ಕೇಳಿ ಪಡೆಯಿರಿ, ಸಂಕೋಚ ಬೇಡ.

ಯಾವುದೋ ಒಂದು ಅಪಘಾತ ತಿಂಗಳು ಕಳೆದರೂ ಕನಸಿನಲ್ಲಿ ಬರುತ್ತಿದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಪ್ರಶ್ನೆ: ನಮ್ಮ ಯಜಮಾನರು ಅಗ್ನಿಶಾಮಕ ದಳದಲ್ಲಿದ್ದಾರೆ. ಬೆಂಕಿ ಆರಿಸಿ ಬಂದ ದಿನ ತಲೆ ಸಿಡಿಯುತ್ತೆ, ವಾಕರಿಕೆ ಅಂತಾರೆ. ಬೆಲ್ಲ ತಿಂದರೆ ಹೊಗೆ ಇಳಿಯುತ್ತೆ, ಎರಡು ಪೆಗ್ ಹಾಕಿದರೆ ನಿದ್ದೆ ಬರುತ್ತೆ ಅನ್ನುವುದು ಅವರ ವಾದ.
– ದಾವಣಗೆರೆ

ಉತ್ತರ: ಬೆಲ್ಲ ಹೋಗುವುದು ಹೊಟ್ಟೆಗೆ, ಹೊಗೆ ಹೋಗಿರುವುದು ಶ್ವಾಸಕೋಶಕ್ಕೆ. ಒಂದು ಇನ್ನೊಂದನ್ನು ತೊಳೆಯುವುದು ಹೇಗೆ? ಓದು ಬಲ್ಲವರೂ ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಬೆಲ್ಲ ಮೆಲ್ಲುತ್ತಾ ಕೂತವರು ಆಸ್ಪತ್ರೆಗೆ ಬರುವುದಿಲ್ಲ. ಬೆಂಕಿಯಿಂದ ಬಂದ ಮೇಲೆ ತಲೆನೋವು, ವಾಕರಿಕೆ ಎಂದರೆ ಕಾರ್ಬನ್ ಮಾನಾಕ್ಸೈಡ್ ಮೈಗೇರಿರಬಹುದು. ಮಲಗಿಸಬೇಡಿ, ಆಮ್ಲಜನಕ ಕೊಡುವ ಕಡೆ ಕರೆದೊಯ್ಯಿರಿ. ಬೆರಳಿಗೆ ಹಾಕುವ ಕ್ಲಿಪ್ 98 ತೋರಿಸಿದರೂ ನಂಬಬೇಡಿ, ಸಾಮಾನ್ಯ ಕ್ಲಿಪ್‌ಗೆ ಈ ವಿಷ ಗೊತ್ತಾಗುವುದಿಲ್ಲ. ರಕ್ತ ಪರೀಕ್ಷೆಯೇ ಆಗಬೇಕು. ಜ್ವಾಲೆ ಅಡಗಿ ಬೂದಿ ಕೆದಕುವಾಗ ಮಾಸ್ಕ್ ಕಳಚುವ ಅಭ್ಯಾಸವಿದ್ದರೆ ಬಿಡಲು ಹೇಳಿ, ವಿಷಗಾಳಿ ಆಗಲೂ ಇರುತ್ತದೆ. ವರ್ಷಕ್ಕೊಮ್ಮೆ ಸ್ಪೈರೋಮೆಟ್ರಿ, ಅಂದರೆ ಊದಿಸಿ ನೋಡುವ ಶ್ವಾಸಕೋಶದ ಪರೀಕ್ಷೆ, ಮಾಡಿಸಲಿ.

ಪೆಗ್ ಕಣ್ಣು ಮುಚ್ಚಿಸುತ್ತದೆ, ಅಷ್ಟೆ. ನಡುರಾತ್ರಿ ಅಮಲಿಳಿದಾಗ ನಿದ್ದೆ ಚೂರುಚೂರಾಗುತ್ತದೆ, ಗೊರಕೆ ಹೆಚ್ಚುತ್ತದೆ, ಬೆಳಿಗ್ಗೆ ಮತ್ತದೇ ದಣಿವು. ಆದರೆ ದಿನಾ ಕುಡಿಯುವವರಾಗಿದ್ದರೆ ಒಮ್ಮೆಲೇ ನಿಲ್ಲಿಸಿಬಿಡಬೇಡಿ, ಫಿಟ್ಸ್ ಬರಬಹುದು. ವೈದ್ಯರ ಕೈಯಲ್ಲೇ ಬಿಡಿಸಿ. ಲಿವರ್ ಪರೀಕ್ಷೆಯೂ ಇರಲಿ.

ಪ್ರಶ್ನೆ: ಪೊಲೀಸ್ ಗಸ್ತಿನ ಹೊಯ್ಸಳ ಗಾಡಿ ಓಡಿಸುತ್ತೇನೆ, ವಯಸ್ಸು 46. ನೈಟ್ ಡ್ಯೂಟಿಯಲ್ಲಿ ಹತ್ತು ಟೀ ಆಗುತ್ತದೆ. ಮೂರು ದಿನದಿಂದ ಎದೆ ಉರಿ, ಮೆಟ್ಟಿಲು ಹತ್ತಿದರೆ ಜಾಸ್ತಿ. ಗ್ಯಾಸ್ ಮಾತ್ರೆ ಯಾವುದು ಒಳ್ಳೆಯದು?
– ಬೆಂಗಳೂರು

ಉತ್ತರ: ಯಾವುದೂ ಅಲ್ಲ. ಮೆಟ್ಟಿಲಿಗೆ ಹೆಚ್ಚುವ ಎದೆ ಉರಿಯನ್ನು ಗ್ಯಾಸ್ ಎನ್ನಬೇಡಿ. ಟೀ ವಿಚಾರ ಆಮೇಲೆ ನೋಡೋಣ. ಈಗಲೇ ಇಸಿಜಿ, ಅದು ಸರಿಯಿದೆ ಎಂದರೂ ಟ್ರೋಪೋನಿನ್ ರಕ್ತ ಪರೀಕ್ಷೆ ಕೇಳಿ. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ, ಜೊತೆಯವರಿಗೆ ಹೇಳಿ. ಪತ್ರಿಕೆ ಮಡಚಿಟ್ಟು ಹೊರಡಿ.